ಮುಯ್ಯಾಳಿಗೆ ಇಂಗ್ಲಿಷಿನಲ್ಲಿ ಏನಂತಾರೆ?

ಓಣಂ ಹತ್ತಿರ ಬಂದಾಗ ನಮ್ಮ ತೆರಕಣಾಂಬಿಯ ತರಕಾರಿ ಮಾರುಕಟ್ಟೆ ನೋಡಬೇಕು. ಕೇರಳದ ವ್ಯಾಪಾರಿ ಮಲಯಾಳದಲ್ಲಿ ರೇಟು ಕೇಳ್ತಾನೆ, ನಮ್ಮ ರೈತ ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ಉತ್ತರ ಕೊಡ್ತಾನೆ, ಪಕ್ಕದಲ್ಲಿ ಮೂಟೆ ಎತ್ತುವವರು ಉರ್ದುವಿನಲ್ಲಿ ಮಾತಾಡ್ಕೊಂಡಿರ್ತಾರೆ. ಯಾರಿಗೂ ತೊಂದರೆ ಆಗಲ್ಲ. ಮೂರು ರಾಜ್ಯ ಕೂಡುವ ಗುಂಡ್ಲುಪೇಟೆ ಕಡೆಯವರಿಗೆ ಮೂರು ಭಾಷೆ ಕಿವಿಗೆ ಬೀಳೋದು ದೊಡ್ಡ ವಿಷಯವೇ ಅಲ್ಲ.

ಆದರೆ ಇದೇ ಊರಿನ ಹುಡುಗಿ ಎಂ.ಎ. ಓದ್ತೀನಿ ಅಂದ ಕೂಡಲೇ ಭಾಷೆ ದೊಡ್ಡ ವಿಷಯ ಆಗಿಬಿಡುತ್ತೆ.

ನನ್ನ ಚಿಕ್ಕಪ್ಪನ ಮಗಳು ಬಿ.ಎ. ಕೊನೆಯ ವರ್ಷದಲ್ಲಿದ್ದಾಳೆ. ಸಮಾಜಶಾಸ್ತ್ರ, ಅರ್ಥಶಾಸ್ತ್ರ ಅಂದ್ರೆ ಪ್ರಾಣ. ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲಿ. ಮುಂದೆ ಇದನ್ನೇ ಓದಬೇಕು ಅಂತ ಅವಳ ಹಟ. ‘ಅದ್ನ ಓದುದ್ರ ಏನ್ ಕೆಲ್ಸ ಸಿಕ್ಕದು? ಬಿ.ಎಡ್. ಮಾಡ್ಕೊಳ್ಳಿ’ ಅಂತ ಚಿಕ್ಕಪ್ಪ. ಅವರ ಪ್ರಶ್ನೆ ತಪ್ಪೇನಲ್ಲ. ಎರಡು ಎಕರೆ ಅರಿಶಿನ ನಂಬಿಕೊಂಡ ಮನೆಯಲ್ಲಿ ಇನ್ನೆರಡು ವರ್ಷ ಓದಿಸೋದು ಹುಡುಗಾಟವಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರೋ ನಾನು ‘ಓದಿದವನು’ ಅನ್ನೋ ಲೆಕ್ಕದಲ್ಲಿ ಪಂಚಾಯ್ತಿ ನನ್ನ ತಲೆಗೆ ಬಂತು.

ಅವಳ ಮನಸ್ಸಲ್ಲಿದ್ದದ್ದು ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ. ಸರ್ಜಾಪುರದ ಹತ್ತಿರ ಬುರುಗುಂಟೆಯಲ್ಲಿದೆ. ಕರ್ನಾಟಕ ಸರ್ಕಾರದ 2010ರ ಕಾಯ್ದೆಯಡಿ ಹುಟ್ಟಿದ ಖಾಸಗಿ ವಿಶ್ವವಿದ್ಯಾಲಯ; 2011ರಲ್ಲಿ ಶಿಕ್ಷಣ ಮತ್ತು ಅಭಿವೃದ್ಧಿ ವಿಷಯಗಳ ಎಂ.ಎ.ಯಿಂದ ಪಾಠ ಶುರು ಮಾಡಿತು, 2015ರಲ್ಲಿ ಪದವಿ ತರಗತಿಗಳು, 2023ರಲ್ಲಿ ಭೋಪಾಲದಲ್ಲೂ ಒಂದು ಕ್ಯಾಂಪಸ್. ಖಾಸಗಿ ಅಂದ ಕೂಡಲೇ ನಮ್ಮ ಕಡೆ ‘ಎಷ್ಟು ಲಕ್ಷ?’ ಅಂತ ಕೇಳ್ತಾರೆ. ಇಲ್ಲಿ ಮನೆಯ ಆದಾಯ ನೋಡಿ ಶುಲ್ಕದಲ್ಲೂ ವಸತಿಯಲ್ಲೂ ರಿಯಾಯಿತಿ ಕೊಡ್ತಾರೆ. ಹಾಗಾಗಿ ಚಿಕ್ಕಪ್ಪನ ಮೊದಲ ಭಯ ಅರ್ಧ ಕಮ್ಮಿ ಆಯ್ತು. ಹುಡುಗಿಯ ಭಯ ಮಾತ್ರ ಹಾಗೇ ಉಳೀತು: ಅಲ್ಲಿ ಪಾಠ, ಚರ್ಚೆ, ಪ್ರಬಂಧ ಎಲ್ಲ ಮುಖ್ಯವಾಗಿ ಇಂಗ್ಲಿಷಿನಲ್ಲಿ.

ಆದರೂ ಬೇರೆ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ನಾನು ಕಾಣದ ಒಂದು ಕೆಲಸ ಇಲ್ಲಿ ನಡೀತಿದೆ. ತರಗತಿಯಲ್ಲಿ ಓದಿಸುವ ಲೇಖನಗಳನ್ನ, ಪುಸ್ತಕದ ಅಧ್ಯಾಯಗಳನ್ನ ಕನ್ನಡಕ್ಕೂ ಹಿಂದಿಗೂ ಅನುವಾದ ಮಾಡಿಸಿ ‘ಅನುವಾದ ಸಂಪದ’ ಅನ್ನೋ ಆನ್‌ಲೈನ್ ಭಂಡಾರದಲ್ಲಿ ಇಟ್ಟಿದ್ದಾರೆ. ಶಿಕ್ಷಕರಿಗಾಗಿ ತರುವ ‘ಲರ್ನಿಂಗ್ ಕರ್ವ್’ ಪತ್ರಿಕೆಯೂ ಇಂಗ್ಲಿಷ್, ಹಿಂದಿ, ಕನ್ನಡ ಮೂರರಲ್ಲೂ ಬಂದಿದೆ. ತಂಗಿಗೆ ಒಂದೆರಡು ಲೇಖನ ಕಳಿಸಿದೆ. ರಾತ್ರಿ ಹನ್ನೊಂದಕ್ಕೆ ಮೆಸೇಜು: ‘ಅಣ್ಣ, ಇದು ಅರ್ಥ ಆಗ್ತದ!’

ಅರ್ಥ ಆಗದ್ದೂ ಇತ್ತು. ‘ಏಜೆನ್ಸಿ’ ಅಂತ ಒಂದು ಪದ ಸಿಕ್ಕಿ ಅವಳು ಗ್ಯಾಸ್ ಏಜೆನ್ಸಿ ಅಂದ್ಕೊಂಡಿದ್ದಳು. ಮನುಷ್ಯ ತನ್ನ ಬದುಕಿನ ತೀರ್ಮಾನ ತಾನೇ ತಗೊಳ್ಳುವ ಶಕ್ತಿ ಅಂತ ನಾನು ವಿವರಿಸಿದೆ. ಇದಕ್ಕೆ ‘ಕರ್ತೃತ್ವ’ ಅಂತ ಬರೆದರೆ ಇನ್ನೂ ದೂರ ಹೋಗುತ್ತೆ. ಅನುವಾದ ಮಾಡೋರ ಕಷ್ಟ ನನಗೆ ಗೊತ್ತು. ನಮ್ಮ ಕೆಲಸದಲ್ಲೂ ಆಪ್‌ನ ಮೊದಲ ಪುಟದಲ್ಲಿ ‘ಕನ್ನಡ’ ಅಂತ ಬಟನ್ ಇಡ್ತೀವಿ, ಎರಡು ಸಲ ಒತ್ತಿ ಒಳಗೆ ಹೋದರೆ ಎಲ್ಲಾ ಇಂಗ್ಲಿಷೇ.

ಹಾಗಾದ್ರೆ ಮೈಸೂರಿನ ಕಡೆಗೇ ಹೋಗಬಾರದಾ ಅಂತ ನೀವು ಕೇಳಬಹುದು. ಖಂಡಿತ ಹೋಗಬಹುದು. ಕುವೆಂಪು ಕುಲಪತಿಯಾಗಿದ್ದ 1956-60ರಲ್ಲೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಮಾಧ್ಯಮಕ್ಕೆ ಒತ್ತು ಸಿಕ್ಕಿತು. ಇವತ್ತು ಅಲ್ಲಿ ಸಮಾಜಶಾಸ್ತ್ರದ ಎಂ.ಎ. ಪರೀಕ್ಷೆ ಕನ್ನಡದಲ್ಲಿ ಬರೆಯಬಹುದು. ಇನ್ನೂ ಹತ್ತಿರ ಬೇಕಂದ್ರೆ ಮೈಸೂರಿನ ಸ್ನಾತಕೋತ್ತರ ಕೇಂದ್ರವಾಗಿದ್ದು 2023ರಲ್ಲಿ ಸ್ವಂತ ವಿಶ್ವವಿದ್ಯಾಲಯ ಆದ ಚಾಮರಾಜನಗರ ಇದೆ, ಮನೆಯಿಂದಲೇ ಬಸ್ಸಲ್ಲಿ ಓಡಾಡಬಹುದು. ಆದರೆ ಹೊಸ ವಿಶ್ವವಿದ್ಯಾಲಯಗಳನ್ನ ಮುಚ್ಚೋ ಮಾತು 2025ರಲ್ಲಿ ಎದ್ದಾಗಿನಿಂದ ಮಕ್ಕಳ ಎದೆಯಲ್ಲಿ ಅಳುಕು ಕೂತಿದೆ. ಜೊತೆಗೆ ಕನ್ನಡದಲ್ಲಿ ಬರೆಯಲು ಬಿಟ್ಟರೂ ಓದಲು ಏನಿದೆ? ಎಷ್ಟೋ ಮಕ್ಕಳ ಕೈಯಲ್ಲಿರೋದು ಗೈಡು, ಜೆರಾಕ್ಸ್ ನೋಟ್ಸು. ಒಂದು ಕಡೆ ಕನ್ನಡದಲ್ಲಿ ಉತ್ತರ ಬರೆಯುವ ಹಕ್ಕಿದೆ, ಓದಲು ಒಳ್ಳೆಯ ಪಠ್ಯ ಸಾಲದು. ಇನ್ನೊಂದು ಕಡೆ ಒಳ್ಳೆಯ ಪಠ್ಯವನ್ನ ಕನ್ನಡಕ್ಕೆ ತರ್ತಾರೆ, ಚರ್ಚೆ ಇಂಗ್ಲಿಷಿನದು. ಇವೆರಡನ್ನೂ ಒಂದೇ ಕಡೆ ಸೇರಿಸೋರು ಯಾರು ಅನ್ನೋದೇ ನನ್ನ ಪ್ರಶ್ನೆ. ಅನುವಾದ ಸಂಪದ ಯಾರು ಬೇಕಾದರೂ ಓದಬಹುದಾದ್ದು. ನಮ್ಮ ಸರ್ಕಾರಿ ಕಾಲೇಜುಗಳು ಅದನ್ನ ನಾಳೆಯಿಂದಲೇ ಬಳಸಬಹುದು, ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ನನಗೆ ಇದಕ್ಕಿಂತ ಹೆಚ್ಚು ಕಾಡೋದು ಮತ್ತೊಂದು. ಎಂ.ಎನ್. ಶ್ರೀನಿವಾಸ್ ಮೈಸೂರಿನವರು. 1948ರಲ್ಲಿ ಮೈಸೂರು ಸೀಮೆಯ ಕೊಡಗಹಳ್ಳಿಯಲ್ಲಿ ಇದ್ದು ಅಧ್ಯಯನ ಮಾಡಿದರು, ಪುಸ್ತಕದಲ್ಲಿ ಅದಕ್ಕೆ ‘ರಾಂಪುರ’ ಅಂತ ಹೆಸರಿಟ್ಟರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಟಿಪ್ಪಣಿಗಳು ಬೆಂಕಿಗೆ ಹೋದವು. ಆಮೇಲೆ ಬಹುಪಾಲು ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. ‘ಪ್ರಬಲ ಜಾತಿ’ ಅಂತ ನಾವು ಬಳಸೋ ಮಾತಿನ ಹಿಂದೆ ಆ ಹಳ್ಳಿಯಲ್ಲಿ ಕಂಡದ್ದೂ ಇದೆ. ಅಂದ್ರೆ ಕನ್ನಡದಲ್ಲಿ ಮಾತಾಡಿದ ಜನರಿಂದ ಕಲಿತದ್ದು ಇಂಗ್ಲಿಷಿನಲ್ಲಿ ಸಿದ್ಧಾಂತ ಆಗಿ, ಪ್ರಪಂಚ ಸುತ್ತಿ, ಪಠ್ಯವಾಗಿ ನಮ್ಮ ಬಿ.ಎ. ಮಕ್ಕಳ ಹತ್ತಿರ ವಾಪಸ್ ಬಂದಿದೆ.

ಹೋಗುವಾಗಲೂ ಕನ್ನಡದ ಪದವೇ ಹೋದರೆ ಹೇಗಿರುತ್ತೆ? ನಮ್ಮ ಹೊಲದ ಮಾತನ್ನೇ ತಗೊಳ್ಳಿ. ‘ವಾರಕ್ಕೆ ಕೊಟ್ಟಿದ್ದೀನಿ’ ಅಂದ್ರೆ ಬೆಳೆಯಲ್ಲಿ ಪಾಲು. ‘ಗುತ್ತಿಗೆ’ ಅಂದ್ರೆ ಮಳೆ ಬರಲಿ ಬಿಡಲಿ ಒಪ್ಪಿದ್ದಷ್ಟು ಕೊಡಬೇಕು. ‘ಭೋಗ್ಯ’ಕ್ಕೆ ಹಾಕಿದರೆ ಸಾಲ ತೀರೋವರೆಗೆ ಹೊಲ ಸಾಲ ಕೊಟ್ಟವನ ಉಳುಮೆಯಲ್ಲಿ, ಬಡ್ಡಿ ಬದಲು ಬೆಳೆ ಅವನದು. ಮಳೆ ಹೋದರೆ ನಷ್ಟ ಯಾರ ತಲೆ ಮೇಲೆ ಅನ್ನೋ ಲೆಕ್ಕ ಆ ಮೂರು ಪದದಲ್ಲೇ ಇದೆ. ‘ಮುಯ್ಯಾಳು’ ಅಂತೂ ಇನ್ನೂ ಸೊಗಸು. ಇವತ್ತು ನಿಮ್ಮ ಹೊಲದಲ್ಲಿ ಕಳೆ ಕಿತ್ತರೆ ನಾಳೆ ನೀವು ನಮ್ಮ ಹೊಲಕ್ಕೆ ಬರಬೇಕು, ದುಡ್ಡಿನ ಮಾತಿಲ್ಲ. ಇದನ್ನೆಲ್ಲ ಅವಳು ಪುಸ್ತಕದಿಂದ ಕಲಿಯಬೇಕಿಲ್ಲ, ಅವಳ ಅಮ್ಮ ಈಗಲೂ ಮುಯ್ಯಾಳಿಗೆ ಹೋಗ್ತಾರೆ. ಇಂಥವಳು ತರಗತಿಯಲ್ಲಿ ಇಂಗ್ಲಿಷ್ ಬರದೆ ಸುಮ್ಮನೆ ಕೂತರೆ ನಷ್ಟ ಆ ತರಗತಿಗೂ ಆಗುತ್ತೆ.

ಇಂಗ್ಲಿಷ್ ಬೇಡ ಅಂತ ನಾನು ಹೇಳ್ತಿಲ್ಲ. ಅದರಿಂದಲೇ ನನ್ನ ಅನ್ನ ನಡೀತಿದೆ. ಅವಳಿಗೂ ಅದನ್ನೇ ಹೇಳಿದ್ದೀನಿ, ದಿನಾ ಒಂದು ಪುಟ ಇಂಗ್ಲಿಷ್ ಓದು ಅಂತ. ಮೊದಲು ಕನ್ನಡದ ಅನುವಾದ, ಆಮೇಲೆ ಅದರ ಮೂಲ. ಈ ದಾರಿ ಕೆಲಸ ಮಾಡ್ತಿದೆ.

ಸದ್ಯಕ್ಕೆ ಎರಡು ಕಡೆಗೂ ಅರ್ಜಿ ಹಾಕೋದು ಅಂತ ಆಗಿದೆ. ಚಿಕ್ಕಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ, ಬಿ.ಎಡ್. ಆಸೆಯನ್ನೂ ಬಿಟ್ಟಿಲ್ಲ. ತಾನು ಯಾಕೆ ಈ ವಿಷಯ ಓದಬೇಕು ಅಂತ ಒಂದು ಪುಟ ಇಂಗ್ಲಿಷಿನಲ್ಲಿ ಬರೆದು ಅಭ್ಯಾಸ ಮಾಡ್ತಿದ್ದಾಳೆ. ಮೊನ್ನೆ ಫೋನ್ ಮಾಡಿ, ‘ಅಣ್ಣ, ಮುಯ್ಯಾಳು ಅನ್ನಕ ಇಂಗ್ಲಿಷ್ ಪದ ಸಿಕ್ತಿಲ್ಲ, ಹಂಗೇ ಬರದ್ಬುಡ್ಲಾ?’ ಅಂತ ಕೇಳಿದಳು.

ಹಂಗೇ ಬರಿ, ಕೆಳಗೆ ಎರಡು ಸಾಲು ವಿವರಣೆ ಕೊಡು ಅಂದೆ.