ಸೆನೆಟರ್ ಆಯ್ಕೆ ಜನರ ಕೈಯಲ್ಲೇ ಇರಲಿ
ಅಮೆರಿಕದ ಸೆನೆಟರುಗಳನ್ನು ಹಿಂದಿನಂತೆ ರಾಜ್ಯ ಶಾಸನಸಭೆಗಳೇ ಆರಿಸಬೇಕು, ನೇರ ಚುನಾವಣೆ ತಂದ 1913ರ ಹದಿನೇಳನೆಯ ತಿದ್ದುಪಡಿ ರದ್ದಾಗಬೇಕು ಎಂಬ ಕೂಗು ಅಲ್ಲಿ ಆಗಾಗ ಏಳುತ್ತದೆ. ಆ ತಿದ್ದುಪಡಿಯಿಂದ ವಾಷಿಂಗ್ಟನ್‌ನಲ್ಲಿ ರಾಜ್ಯ ಸರ್ಕಾರಗಳ ಪರ ನಿಲ್ಲುವವರೇ ಇಲ್ಲವಾದರು ಎಂಬುದು ಮುಖ್ಯ ವಾದ. ಅದರಲ್ಲಿ ಹುರುಳಿಲ್ಲವೆಂದಲ್ಲ, ಆದರೆ ಹಳೆಯ ಪದ್ಧತಿ ರಾಜ್ಯಗಳಿಗೆ ಕೊಟ್ಟದ್ದೇನು? ಮೊಂಟಾನಾದ ತಾಮ್ರದ ಗಣಿಧಣಿ ವಿಲಿಯಂ ಕ್ಲಾರ್ಕ್ 1899ರಲ್ಲಿ ಆಯ್ಕೆಯಾದಾಗ, ಲಂಚದ ಕಾರಣಕ್ಕೆ ಆ ಆಯ್ಕೆ ಸಿಂಧುವಲ್ಲವೆಂದು ಸೆನೆಟ್ ಸಮಿತಿ ಒಮ್ಮತದಿಂದ ಹೇಳಿತು. ಅವರು ರಾಜೀನಾಮೆ ಕೊಟ್ಟರು. 1901ರಲ್ಲಿ ಶಾಸನಸಭೆ ಮತ್ತೆ ಅವರನ್ನೇ ಕಳಿಸಿತು. ಡೆಲಾವೇರ್‌ನಲ್ಲಂತೂ ಶಾಸಕರ ಬಣಗಳ ಜಗಳ ಮುಗಿಯದೆ 1901ರಿಂದ 1903ರವರೆಗೆ ಎರಡೂ ಸೆನೆಟ್ ಸ್ಥಾನಗಳು ಖಾಲಿ ಬಿದ್ದಿದ್ದವು. ರಾಜ್ಯದ ದನಿ ಎಂದು ಹೊಗಳಿಸಿಕೊಳ್ಳುವ ವ್ಯವಸ್ಥೆಯೇ ಇಡೀ ರಾಜ್ಯವನ್ನು ಮೂಕವಾಗಿಸಿತ್ತು. ಇನ್ನೊಂದು ಹಾನಿಯನ್ನು ಯಾರೂ ಹೆಚ್ಚು ಹೇಳುವುದಿಲ್ಲ: ಶಾಸಕರ ಚುನಾವಣೆಯೇ ಸೆನೆಟರ್ ಚುನಾವಣೆಯಾಗಿಬಿಡುತ್ತಿತ್ತು. 1858ರಲ್ಲಿ ಇಲಿನಾಯ್ಸ್‌ನಲ್ಲಿ ಸೆನೆಟ್ ಸ್ಥಾನಕ್ಕಾಗಿ ಲಿಂಕನ್ ಮತ್ತು ಡಗ್ಲಸ್ ಊರೂರು ಸುತ್ತಿ ಗುಲಾಮಗಿರಿಯ ಬಗ್ಗೆ ವಾದಿಸಿದರು. ಮತಪತ್ರದಲ್ಲಿ ಅವರಿಬ್ಬರ ಹೆಸರೇ ಇರಲಿಲ್ಲ, ಜನ ಆರಿಸಿದ್ದು ಶಾಸಕರನ್ನು. ಊರಿನ ರಸ್ತೆ, ಶಾಲೆಗಳ ಪ್ರಶ್ನೆ ಅಲ್ಲಿ ಹಿಂದೆ ಸರಿಯದೆ ಇರುತ್ತದೆಯೇ? ನೇರ ಚುನಾವಣೆಯಲ್ಲೂ ದುಡ್ಡು ಹರಿಯುತ್ತದಲ್ಲ ಎನ್ನುತ್ತಾರೆ. ಹೌದು, ಧಾರಾಳವಾಗಿ ಹರಿಯುತ್ತದೆ. ಆದರೂ ಕೆಲವು ಡಜನ್ ಶಾಸಕರನ್ನು ಕೊಳ್ಳುವಷ್ಟು ಸುಲಭವಾಗಿ ಲಕ್ಷಾಂತರ ಮತದಾರರನ್ನು ಕೊಳ್ಳಲಾಗದು. ಶಾಸಕರೇ ಆರಿಸುವ ನಮ್ಮ ರಾಜ್ಯಸಭೆಗೂ ಅಡ್ಡಮತದ ಕಾಟ ತಡೆಯಲು 2003ರಲ್ಲಿ ಬಹಿರಂಗ ಮತದಾನ ತರಬೇಕಾಯಿತು. ಅಮೆರಿಕದ ರಾಜ್ಯಗಳ ಅಳಲು ನಿಜವಾದುದೇ. ಅದಕ್ಕೆ ಮದ್ದು, ವಾಷಿಂಗ್ಟನ್ ಹಣ ಕೊಡದೆ ರಾಜ್ಯಗಳ ಮೇಲೆ ಹೊರೆ ಹೇರುವುದಕ್ಕೆ ಅಲ್ಲಿನ 1995ರ ಕಾಯ್ದೆ ಹಾಕಿದ ಕಡಿವಾಣವನ್ನು ಇನ್ನಷ್ಟು ಬಿಗಿ ಮಾಡುವುದು.