ಮೂರು ಕಂಬಗಳು ಯಾರ ಕಥೆ ಹೇಳುತ್ತವೆ?

ದಕ್ಷಿಣ ಕೊರಿಯದ ರಾಜಧಾನಿ ಸಿಯೋಲ್ ನಗರದ ನಡುವೆ ಚೊಂಗ್ಯೆಚೊನ್ ಎಂಬ ತೊರೆಯಿದೆ. ಆ ತೊರೆಯಲ್ಲಿ, ಹ್ವಾಂಗ್ಹಾಕ್ ಎಂಬ ಬಡಾವಣೆಯ ಬಳಿ, ಮೂರು ಕಾಂಕ್ರೀಟು ಕಂಬಗಳು ನಿಂತಿವೆ. ಅವು ಯಾವ ಭಾರವನ್ನೂ ಹೊತ್ತಿಲ್ಲ. ಒಂದು ಕಾಲಕ್ಕೆ ಅವುಗಳ ಹೆಗಲ ಮೇಲೆ ಹೆದ್ದಾರಿಯೊಂದು ಹಾದುಹೋಗುತ್ತಿತ್ತು. 2003ರಲ್ಲಿ ಆ ಹೆದ್ದಾರಿಯನ್ನು ಒಡೆದರು. ಮೂರೇ ಮೂರು ಕಂಬಗಳನ್ನು ಮಾತ್ರ "ನೆನಪಿಗಾಗಿ" ಉಳಿಸಿಕೊಂಡರು. ಪ್ರವಾಸಿಗಳು ಅವುಗಳ ಮುಂದೆ ನಿಂತು ಪಟ ತೆಗೆಸಿಕೊಳ್ಳುತ್ತಾರೆ. ನಗರ ಯೋಜನೆಯ ಪಂಡಿತರು ಇದನ್ನು ಸಾರ್ವಜನಿಕ ಕಲೆಯೆಂದು ಕೊಂಡಾಡುತ್ತಾರೆ. ನಮ್ಮ ಬೆಂಗಳೂರಿನ ರಾಜಕಾಲುವೆಗಳ ಮಾತು ಬಂದಾಗಲೂ "ಸಿಯೋಲನ್ನು ನೋಡಿ ಕಲಿಯಿರಿ" ಎನ್ನುವ ಮಹನೀಯರುಂಟು.

ಕಲಿಯೋಣ. ಆದರೆ ಪಾಠವನ್ನು ಅರ್ಧಕ್ಕೆ ನಿಲ್ಲಿಸುವುದು ಬೇಡ. ನೆನಪಿಗಾಗಿ ಎಂದರೆ ಯಾರ ನೆನಪಿಗಾಗಿ? ಈ ಪ್ರಶ್ನೆಗೆ ಉತ್ತರ ಸಿಕ್ಕದೆ ಆ ಕಂಬಗಳನ್ನು ಕಲೆಯೆಂದು ಒಪ್ಪಲು ನಾವು ಸಿದ್ಧರಿಲ್ಲ.

1950ರಿಂದ 1953ರವರೆಗೆ ನಡೆದ ಯುದ್ಧದಲ್ಲಿ ಮನೆಮಠ ಕಳೆದುಕೊಂಡವರು ಈ ತೊರೆಯ ಎರಡೂ ದಡಗಳಲ್ಲಿ ಹಲಗೆ, ತಗಡು ಸಿಕ್ಕಿದ್ದನ್ನೆಲ್ಲ ಜೋಡಿಸಿ ಗುಡಿಸಲು ಹಾಕಿಕೊಂಡಿದ್ದರು. ತೊರೆ ಕೊಚ್ಚೆಯಾಯಿತು. ಕೊಚ್ಚೆ ಕಣ್ಣಿಗೆ ಬೀಳಬಾರದೆಂದು ಸರ್ಕಾರ 1958ರಿಂದ ಅದರ ಮೇಲೆ ಕಾಂಕ್ರೀಟು ಮುಚ್ಚುತ್ತ ಬಂತು. ಸೇನಾಧಿಪತಿ ಪಾರ್ಕ್ ಚುಂಗ್ ಹೀ ಗದ್ದುಗೆ ಹಿಡಿದ ಮೇಲೆ, 1967ರಲ್ಲಿ, ಆ ಮುಚ್ಚಳದ ಮೇಲೆ ಕಂಬಗಳನ್ನು ನೆಟ್ಟು ಹೆದ್ದಾರಿ ಕಟ್ಟಲು ಹೊರಟರು. ಅದಕ್ಕೆ ಇಟ್ಟ ಹೆಸರು ಸಮಿಲ್, ಎಂದರೆ ಮಾರ್ಚ್ ಒಂದು. 1919ರ ಮಾರ್ಚ್ 1ರಂದು ಜಪಾನೀ ಆಳ್ವಿಕೆಯ ವಿರುದ್ಧ ಕೊರಿಯದ ಜನ ಬೀದಿಗಿಳಿದ ದಿನವದು. ಜನರ ಬಂಡಾಯದ ದಿನಾಂಕವನ್ನು ಸರ್ವಾಧಿಕಾರಿಯ ರಸ್ತೆಗೆ ಹಣೆಪಟ್ಟಿಯಾಗಿ ಅಂಟಿಸುವುದಕ್ಕೂ ಒಂದು ಎದೆಗಾರಿಕೆ ಬೇಕು!

ಗುಡಿಸಲುಗಳಲ್ಲಿದ್ದವರು ಎಲ್ಲಿಗೆ ಹೋದರು? ಸಿಯೋಲಿನ ಇತರ ಕೊಳೆಗೇರಿಗಳ ಜನರೊಡನೆ ಅವರಲ್ಲಿ ಬಹುಮಂದಿಯನ್ನು ಲಾರಿಗಳಲ್ಲಿ ತುಂಬಿ ನಗರದ ಹೊರಗೆ, ಇಂದು ಸೊಂಗ್ನಾಮ್ ಎನಿಸಿಕೊಂಡಿರುವ ಬೋಳುಗುಡ್ಡಗಳಿಗೆ ಸಾಗಿಸಿದರು. ನಿವೇಶನ ಕೊಡುತ್ತೇವೆ, ಕಾರ್ಖಾನೆ ತರುತ್ತೇವೆ ಎಂದಿದ್ದರು. ಅಲ್ಲಿ ನೀರೂ ಇರಲಿಲ್ಲ, ಕೂಲಿಯೂ ಇರಲಿಲ್ಲ. ಸಾಲದ್ದಕ್ಕೆ ನಿವೇಶನದ ಬೆಲೆಯೆಂದು, ತೆರಿಗೆಯೆಂದು ಚೀಟಿ ಬಂತು. 1971ರ ಆಗಸ್ಟ್ 10ರಂದು ಅಲ್ಲಿನ ಜನ ದಂಗೆಯೆದ್ದರು. ಹೆದ್ದಾರಿಯ ಕೆಲಸ ಮುಗಿದುದೂ ಅದೇ 1971ರಲ್ಲಿಯೇ.

ಇನ್ನೊಂದು ಸಂಗತಿ. ಹೆದ್ದಾರಿ ಹಾದುಹೋದ ದಾರಿಯಲ್ಲೇ ಪ್ಯೊಂಗ್ಹ್ವಾ ಎಂಬ ಜವಳಿ ಮಾರುಕಟ್ಟೆಯಿದೆ. ಆ ಹೆಸರಿನ ಅರ್ಥ ಶಾಂತಿ. ಅದರೊಳಗಿನ ಹೊಲಿಗೆ ಕೋಣೆಗಳಲ್ಲಿ ನಡುವೆ ಅಟ್ಟ ಹಾಕಿ ಒಂದು ಕೋಣೆಯನ್ನು ಎರಡು ಮಾಡಿದ್ದರು. ಬೆಳೆದವರು ಬೆನ್ನು ನೆಟ್ಟಗೆ ಮಾಡಿ ನಿಲ್ಲುವಂತಿರಲಿಲ್ಲ. ಶಾಲೆಯಲ್ಲಿರಬೇಕಾದ ವಯಸ್ಸಿನ ಹೆಣ್ಣುಮಕ್ಕಳು ಅಲ್ಲಿ ಬಟ್ಟೆಯ ಧೂಳು ಕುಡಿಯುತ್ತ ದಿನಕ್ಕೆ 14-15 ಗಂಟೆ ದುಡಿಯುತ್ತಿದ್ದರು. ಬಟ್ಟೆ ಕತ್ತರಿಸುವ ಕೆಲಸದ ತರುಣನೊಬ್ಬನಿದ್ದ, ಹೆಸರು ಜೊನ್ ತೇ ಇಲ್. ದೇಶದಲ್ಲಿ ಕಾರ್ಮಿಕ ಕಾನೂನೊಂದು 1953ರಿಂದಲೇ ಇದೆಯೆಂಬುದು ಅವನಿಗೆ ತಿಳಿಯಿತು. ಪುಸ್ತಕ ತಂದ. ಕಾನೂನಿನ ತುಂಬ ಚೀನೀ ಅಕ್ಷರಗಳು, ಓದಿದರೆ ಅರ್ಥವಾಗದು. ಕಾಲೇಜು ಓದಿದ ಸ್ನೇಹಿತನೊಬ್ಬ ತನಗಿದ್ದರೆ ಎಂದು ಹಂಬಲಿಸಿದ. ಆ ಮಾತನ್ನು ನೆನೆದರೆ ಪಾಠ ಹೇಳಿ ಬದುಕಿದವರಿಗೆ ತಲೆಯೆತ್ತಲಾಗುವುದಿಲ್ಲ. ಅರ್ಜಿ ಬರೆದ, ಕಚೇರಿ ಸುತ್ತಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1970ರ ನವೆಂಬರ್ 13ರಂದು, ಕಾನೂನನ್ನು ಪಾಲಿಸಿರಿ, ನಾವು ಯಂತ್ರಗಳಲ್ಲ ಎಂದು ಕೂಗುತ್ತ, ಆ ಮಾರುಕಟ್ಟೆಯ ಮುಂದೆ ಮೈಗೆ ಬೆಂಕಿ ಹಚ್ಚಿಕೊಂಡ. ಅವನಿಗಾಗ 22 ವರ್ಷ. ಎರಡು ವಾರದೊಳಗೆ ಅಲ್ಲಿನ ಹೊಲಿಗೆ ಕೆಲಸಗಾರರು ಸಂಘ ಕಟ್ಟಿದರು. ಅವನ ತಾಯಿ ಲೀ ಸೊ ಸನ್ 2011ರಲ್ಲಿ ಕಣ್ಣು ಮುಚ್ಚುವವರೆಗೂ ಕಾರ್ಮಿಕರ ಜತೆಯಲ್ಲೇ ಇದ್ದರು.

ಹೆದ್ದಾರಿಯ ಕಂಬಗಳು ಕಂಡ ಕಾಲ ಇದು.

ಅದನ್ನು ಒಡೆದದ್ದು ತಪ್ಪೆಂದು ನಾವು ಹೇಳುವುದಿಲ್ಲ. ಕಾಂಕ್ರೀಟು ಬಿರುಕು ಬಿಟ್ಟಿತ್ತು. ಮೇಲಿನ ರಸ್ತೆ, ಕೆಳಗಿನ ರಸ್ತೆ ಸೇರಿ ದಿನಕ್ಕೆ ಒಂದೂವರೆ ಲಕ್ಷಕ್ಕೂ ಮಿಕ್ಕಿ ವಾಹನಗಳು ಹೊಗೆಯುಗುಳುತ್ತಿದ್ದವು. ಆ ಹೊಗೆಯನ್ನು ಕುಡಿದವರು ಕಾರಿನಲ್ಲಿ ಹೋಗುವವರಲ್ಲ, ರಸ್ತೆಯ ಕೆಳಗೆ ಅಂಗಡಿ ಹರವಿ ಕುಳಿತವರು. ಒಡೆದ ಮೇಲೆ ಅಲ್ಲಿ ಗಾಳಿ ತಣ್ಣಗಾಯಿತು, ಮೀನು ಬಂದವು, ಹಕ್ಕಿ ಬಂದವು. ಸಂತೋಷ. ಆದರೆ ಅಷ್ಟು ದಿನ ಹೊಗೆ ಕುಡಿದವನು ತಂಗಾಳಿ ಕುಡಿಯಲು ಅಲ್ಲಿ ಉಳಿದನೆ? 2003ರ ನವೆಂಬರ್ ಕೊನೆಯಲ್ಲಿ ಪೊಲೀಸರನ್ನು ತಂದು ಬೀದಿ ವ್ಯಾಪಾರಿಗಳನ್ನು ಎಬ್ಬಿಸಿದರು. ಅವರಲ್ಲಿ ನೂರಾರು ಮಂದಿಗೆ ದೊಂಗ್ದೇಮುನ್ ಎಂಬಲ್ಲಿನ ಹಳೆಯ ಆಟದ ಮೈದಾನವನ್ನು ತೋರಿಸಿ, ಇಲ್ಲಿ ವ್ಯಾಪಾರ ಮಾಡಿಕೊಳ್ಳಿರೆಂದರು. ನಾಲ್ಕು ವರ್ಷ ಕಳೆಯಿತು. ಆ ಮೈದಾನವನ್ನೂ ಒಡೆದು ಅದರ ಜಾಗದಲ್ಲಿ ಜಾಹಾ ಹದೀದ್ ಅವರ ಭಾರೀ ವಿನ್ಯಾಸ ಭವನವನ್ನು ಎಬ್ಬಿಸಿದರು. 2014ರಲ್ಲಿ ಅದು ತೆರೆಯಿತು. ವ್ಯಾಪಾರಿಗಳು 2008ರಲ್ಲೇ ಮತ್ತೆ ಗಂಟುಮೂಟೆ ಕಟ್ಟಿದ್ದರು. ಮೈದಾನದ ಎರಡು ದೀಪಸ್ತಂಭಗಳನ್ನು ಮಾತ್ರ "ನೆನಪಿಗಾಗಿ" ಉಳಿಸಿಕೊಂಡರು!

ಓದುಗರು ಈ ಪದ್ಧತಿಯನ್ನು ಗಮನಿಸಬೇಕು. ತೊರೆಯ ಬಳಿ ಕಂಬ ಉಳಿಯಿತು, ವ್ಯಾಪಾರಿ ಹೋದ. ಮೈದಾನದಲ್ಲಿ ದೀಪಸ್ತಂಭ ಉಳಿಯಿತು, ವ್ಯಾಪಾರಿ ಮತ್ತೊಮ್ಮೆ ಹೋದ. ಸಾಲದೆಂದು, ಎಂದೋ ಕಿತ್ತೆಸೆದ ಗುಡಿಸಲುಗಳ ಮಾದರಿಯನ್ನು ತೊರೆಯ ದಡದಲ್ಲಿ ಹೊಸ ಹಲಗೆಯಿಂದ ಕಟ್ಟಿ ಪ್ರದರ್ಶನಕ್ಕಿಟ್ಟರು. ಬಡವನಿದ್ದ ಗುಡಿಸಲು ಊರಿಗೆ ಕಳಂಕವಾಗಿತ್ತು, ಬಡವನಿಲ್ಲದ ಗುಡಿಸಲು ಪ್ರದರ್ಶನದ ವಸ್ತುವಾಯಿತು.

ಹಣದ ಲೆಕ್ಕವನ್ನೂ ನೋಡೋಣ. ಇಡೀ ಯೋಜನೆಗೆ ಸುಮಾರು 38,600 ಕೋಟಿ ವೋನ್ ಖರ್ಚಾಯಿತು. ತೊರೆಯಲ್ಲಿ ಹರಿಯುವ ನೀರಿನ ಬಹುಪಾಲು ಅದರದಲ್ಲ. ಹಾನ್ ನದಿಯಿಂದಲೂ ಸುರಂಗ ರೈಲಿನ ನಿಲ್ದಾಣಗಳಲ್ಲಿ ಒಸರುವ ಅಂತರ್ಜಲದಿಂದಲೂ ದಿನಕ್ಕೆ 1,20,000 ಟನ್ ನೀರನ್ನು ಪಂಪು ಹಾಕಿ ಎತ್ತಿ ಬಿಡುವ ಏರ್ಪಾಟಾಯಿತು. ಯೋಜನೆಯ ಉಸ್ತುವಾರಿಯಲ್ಲಿದ್ದ ಉಪಮೇಯರು 2005ರಲ್ಲಿ ಲಂಚದ ಪ್ರಕರಣದಲ್ಲಿ ಸೆರೆಯಾದರು. ಮೇಯರ್ ಲೀ ಮ್ಯುಂಗ್ ಬಾಕ್, ಕಟ್ಟಡ ಕಂಪೆನಿಯ ಮುಖ್ಯಸ್ಥರಾಗಿದ್ದವರು, ಈ ತೊರೆಯ ಕೀರ್ತಿಯನ್ನೇರಿ 2008ರಲ್ಲಿ ರಾಷ್ಟ್ರಾಧ್ಯಕ್ಷರಾದರು. ಮುಂದೆ ಬೇರೆ ಲಂಚದ ಮೊಕದ್ದಮೆಗಳಲ್ಲಿ ಅವರಿಗೆ 17 ವರ್ಷದ ಶಿಕ್ಷೆ 2020ರಲ್ಲಿ ಖಾಯಂ ಆಯಿತು, 2022ರಲ್ಲಿ ಕ್ಷಮಾದಾನವೂ ಸಿಕ್ಕಿತು. "ತೋಜಿ" ಎಂಬ ಮಹಾಕಾದಂಬರಿಯನ್ನು ಬರೆದ ಪಾಕ್ ಕ್ಯೊಂಗ್ನಿ ಮೊದಲು ಈ ಕೆಲಸವನ್ನು ಮನಸಾರೆ ಬೆಂಬಲಿಸಿದ್ದರು. 2004ರಲ್ಲಿ ಅವರೇ ನೊಂದು, ಇದು ತೊರೆಯ ಪುನರುದ್ಧಾರವೋ ಅಥವಾ ಕಟ್ಟಡದವರ ಕಾಮಗಾರಿಯೋ ಎಂದು ಬಹಿರಂಗವಾಗಿ ಕೇಳಬೇಕಾಯಿತು.

ತೊರೆ ಶುರುವಾಗುವಲ್ಲಿ 2006ರಲ್ಲಿ ಶಂಖದ ಹುಳುವಿನ ಚಿಪ್ಪಿನಂತಹ, 20 ಮೀಟರ್ ಎತ್ತರದ, ಕೆಂಪು-ನೀಲಿ ಶಿಲ್ಪವೊಂದನ್ನು ನಿಲ್ಲಿಸಿದರು. ಅಮೆರಿಕದ ಕ್ಲೇಸ್ ಓಲ್ಡನ್‌ಬರ್ಗ್ ಮತ್ತು ಅವರ ಪತ್ನಿಯ ರಚನೆ. ಬೆಲೆ 300 ಕೋಟಿ ವೋನ್‌ಗೂ ಮೇಲೆ; ಕೊಟ್ಟದ್ದು ಒಂದು ದೂರವಾಣಿ ಕಂಪೆನಿ. ನಮ್ಮನ್ನು ಕೇಳಲಿಲ್ಲ, ಸ್ಪರ್ಧೆಯನ್ನೂ ಕರೆಯಲಿಲ್ಲ ಎಂದು ಅಲ್ಲಿನ ಕಲಾವಿದರೇ ಪ್ರತಿಭಟಿಸಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಕೊರಿಯದಲ್ಲಿ ಇದೆಯೋ ಇಲ್ಲವೋ!

"ಕಲೆಯನ್ನು ಕಲೆಯಾಗಿ ನೋಡಿ ಸ್ವಾಮಿ, ಎಲ್ಲಕ್ಕೂ ರಾಜಕೀಯ ಬೆರೆಸಬೇಡಿ" ಎನ್ನುವವರಿಗೆ ಅದೇ ತೊರೆಯ ಮೇಲಿನ ಗ್ವಾಂಗ್‌ತೊಂಗ್ ಸೇತುವೆಯನ್ನು ತೋರಿಸಬೇಕು. ದೊರೆ ತೇಜೊಂಗನಿಗೆ ಸತ್ತುಹೋಗಿದ್ದ ಮಲತಾಯಿ ಸಿಂದೊಕ್ ರಾಣಿಯ ಮೇಲೆ ತೀರದ ಹಗೆ. 1410ರಲ್ಲಿ ಆಕೆಯ ಸಮಾಧಿಯ ಕೆತ್ತನೆಯ ಕಲ್ಲುಗಳನ್ನು ತರಿಸಿ ಈ ಸೇತುವೆಗೆ ಹಾಕಿಸಿದ. ಕೆಲವನ್ನು ತಲೆಕೆಳಗಾಗಿ ಇಟ್ಟಿದ್ದಾರೆ. ಆ ಕಲ್ಲುಗಳ ಮೇಲಿನ ಮೋಡ, ದೇವತೆಗಳ ಕೆತ್ತನೆ ಇಂದಿಗೂ ಚೆಲುವಾಗಿದೆ. ಚೆಲುವಾಗಿದೆಯೆಂದು ಹಗೆಯನ್ನು ಮರೆಯಬೇಕೆ? ಒಡೆದದ್ದನ್ನು ಯಾರು ಎತ್ತಿಡುತ್ತಾನೆ, ಎಲ್ಲಿಡುತ್ತಾನೆ, ಯಾವ ಮಗ್ಗುಲಿಗಿಡುತ್ತಾನೆ ಎಂಬುದರಲ್ಲೇ ರಾಜಕೀಯವಿದೆ. ಅದನ್ನು ಬೆರೆಸಿದವರು ನಾವಲ್ಲ.

ಬೇರೆ ರೀತಿಯಲ್ಲಿ ಮಾಡುವುದು ಸಾಧ್ಯವೆಂಬುದಕ್ಕೂ ಸಾಕ್ಷಿ ಅಲ್ಲೇ ಇದೆ. ಜೊನ್ ತೇ ಇಲ್ ಬೆಂದುಹೋದ ಮಾರುಕಟ್ಟೆಯ ಮುಂದಿನ ಸೇತುವೆಯ ಮೇಲೆ 2005ರಲ್ಲಿ ಅವನ ಕಂಚಿನ ಪ್ರತಿಮೆಯನ್ನು ಸ್ಥಾಪಿಸಿದರು. ಸೊಂಟದಿಂದ ಮೇಲಷ್ಟೇ ಇರುವ ಪ್ರತಿಮೆ, ನಡೆಯುವವರ ಮಟ್ಟಕ್ಕೇ ಇದೆ, ತಲೆಯೆತ್ತಿ ನೋಡಬೇಕಾಗಿಲ್ಲ. ಸುತ್ತಲಿನ ಕಾಲುದಾರಿಯಲ್ಲಿ ಕಾರ್ಮಿಕರೂ ಸಾಮಾನ್ಯ ಜನರೂ ತಮ್ಮ ಕೈಯಿಂದ ಕಾಸು ಹಾಕಿ, ಹೆಸರು ಬರೆಸಿ, ಸಾವಿರಾರು ಕಂಚಿನ ಫಲಕಗಳನ್ನು ಕೂಡಿಸಿದರು. ಕಂಪೆನಿಯ ಮುನ್ನೂರು ಕೋಟಿಯ ಚಿಪ್ಪಿಗಿಂತ ಆ ಫಲಕಗಳಲ್ಲಿ ಒಂದು ನಮಗೆ ಹೆಚ್ಚು. ಅಲ್ಲಿ ಏನು ನಡೆಯಿತೆಂದು ಕೇಳಿದವರಿಗೆ ಅದು ಉತ್ತರ ಹೇಳುತ್ತದೆ.

ಮೂರು ಕಂಬಗಳು ಇರಲಿ, ಕೆಡವಬೇಕಾಗಿಲ್ಲ. ಒಂದರ ಮೇಲೆ ಗುಡ್ಡಕ್ಕೆ ಸಾಗಿಸಲ್ಪಟ್ಟ ಗುಡಿಸಲುಗಳವರ ಲೆಕ್ಕವನ್ನೂ 1971ರ ಆಗಸ್ಟ್ 10ನ್ನೂ ಕೆತ್ತಿಸಲಿ. ಇನ್ನೊಂದರ ಮೇಲೆ ಆ ಹೆದ್ದಾರಿಯನ್ನು ಕಟ್ಟಿದ ಕೂಲಿಗಳನ್ನೂ, ಅದರ ಮಗ್ಗುಲಿನ ಅಟ್ಟಗಳಲ್ಲಿ ಬೆನ್ನು ಬಾಗಿಸಿ ಹೊಲಿದ ಹೆಣ್ಣುಮಕ್ಕಳನ್ನೂ ಬರೆಸಲಿ. ಮೂರನೆಯದನ್ನು 2003ರಲ್ಲಿ ಒಮ್ಮೆ, 2008ರಲ್ಲಿ ಮತ್ತೊಮ್ಮೆ ಎಬ್ಬಿಸಿದ ವ್ಯಾಪಾರಿಗಳ ಕೈಗೇ ಒಪ್ಪಿಸಲಿ. ಅದರ ಮೇಲೆ ಏನು ಬರೆಯಬೇಕೆಂದು ಅವರಿಗೆ ಯಾವ ಪಂಡಿತನೂ ಹೇಳಿಕೊಡಬೇಕಾಗಿಲ್ಲ.