ರ‍್ಯಾಂಪ್ ಇದೆ, ಬಾಗಿಲು ತೆರೆಯುವುದಿಲ್ಲ

ಈಗ ಹೆಚ್ಚಿನ ಕಾಲೇಜುಗಳ ಮುಖ್ಯ ಕಟ್ಟಡದ ಪಕ್ಕದಲ್ಲಿ ಒಂದು ರ‍್ಯಾಂಪ್ ಕಾಣುತ್ತದೆ. ಸ್ಟೀಲ್ ಕಂಬಿ, ನೀಲಿ ಫಲಕ, ಫಲಕದ ಮೇಲೆ ಗಾಲಿಕುರ್ಚಿಯ ಚಿತ್ರ. ನ್ಯಾಕ್ ಮೌಲ್ಯಮಾಪನದಲ್ಲಿ ಅಂಗವಿಕಲಸ್ನೇಹಿ ಸೌಲಭ್ಯಗಳನ್ನೂ ನೋಡುತ್ತಾರೆ. ಹಾಗಾಗಿ ರ‍್ಯಾಂಪು, ಲಿಫ್ಟು, ಶೌಚಾಲಯಗಳ ಫೋಟೊ ಕಡತ ಸೇರುತ್ತದೆ. ಆದರೆ ರ‍್ಯಾಂಪ್ ಏರಿದ ವಿದ್ಯಾರ್ಥಿ ಅದರಾಚೆಗಿನ ಬಾಗಿಲನ್ನು ತಾನೇ ತೆರೆದು ಒಳಗೆ ಹೋಗಬಲ್ಲಳೇ ಎಂದು ಕೇಳುವವರು ಕಡಿಮೆ.

ನಮ್ಮ ತರಗತಿಗಳ ಬಾಗಿಲನ್ನೇ ನೋಡಿ. ಹಲವು ಕಡೆ ಎರಡು ಕದಗಳಿರುತ್ತವೆ. ಒಂದು ಕದಕ್ಕೆ ಮೇಲೂ ಕೆಳಗೂ ಚಿಲಕ ಹಾಕಿ ವರ್ಷಗಟ್ಟಲೆ ಮುಚ್ಚಿಟ್ಟಿರುತ್ತಾರೆ. ನಾಲ್ಕು ಅಡಿ ಅಗಲದ ಬಾಗಿಲಿನಲ್ಲಿ ಓಡಾಡಲು ಉಳಿಯುವುದು ಎರಡೇ ಅಡಿ, ಅಂದರೆ ಸುಮಾರು 60 ಸೆಂಟಿಮೀಟರ್. ಸಾಮಾನ್ಯ ಗಾಲಿಕುರ್ಚಿಯ ಅಗಲವೇ 60ರಿಂದ 70 ಸೆಂ.ಮೀ. ಇರುತ್ತದೆ. ಚಕ್ರ ತಿರುಗಿಸುವ ಕೈಗಳಿಗೂ ಜಾಗ ಬೇಕು. ಕೇಂದ್ರ ಸರ್ಕಾರದ ಮಾರ್ಗಸೂಚಿ ಪ್ರಕಾರ ಬಾಗಿಲು ತೆರೆದಾಗ ಸಿಗುವ ಅಗಲ ಕನಿಷ್ಠ 90 ಸೆಂ.ಮೀ. ಇರಬೇಕು. ಇಲ್ಲಿ ಗೋಡೆ ಒಡೆಯುವ ಅಗತ್ಯವೇ ಇಲ್ಲ, ಇನ್ನೊಂದು ಕದದ ಚಿಲಕ ತೆಗೆದರೆ ಸಾಕು. ಆದರೆ ಆ ಚಿಲಕ ಇರುವುದು ಗಾಲಿಕುರ್ಚಿಯಲ್ಲಿ ಕುಳಿತವರ ಕೈಗೆ ಎಟುಕದ ಎತ್ತರದಲ್ಲಿ.

ಸಮಸ್ಯೆ ಅಗಲದ್ದೊಂದೇ ಅಲ್ಲ. ಲ್ಯಾಬ್ ಬಾಗಿಲಿಗೆ ಹೊಸ್ತಿಲು, ಕಾರಿಡಾರಿನ ಕೊಲ್ಯಾಪ್ಸಿಬಲ್ ಗೇಟಿಗೆ ನೆಲದಲ್ಲಿ ಹಳಿ. ನಾವು ಗಮನಿಸದೆಯೇ ದಾಟುವ ಈ ಒಂದೆರಡು ಇಂಚಿನಲ್ಲಿ ಮುಂದಿನ ಸಣ್ಣ ಚಕ್ರ ಸಿಕ್ಕಿಕೊಳ್ಳುತ್ತದೆ. ಎ.ಸಿ. ಇರುವ ಸೆಮಿನಾರ್ ಹಾಲ್, ಗ್ರಂಥಾಲಯದ ಬಾಗಿಲುಗಳಿಗೆ ಬಿಗಿಯಾದ ಡೋರ್ ಕ್ಲೋಸರ್. ಊರುಗೋಲು ಹಿಡಿದವರು ಒಂದು ಕೈಯಲ್ಲಿ ಅದನ್ನು ತಳ್ಳುವಷ್ಟರಲ್ಲಿ ಬಾಗಿಲು ವಾಪಸ್ ಬಂದು ಬಡಿಯುತ್ತದೆ. ಅಮೆರಿಕದ ಎಡಿಎ ಮಾನದಂಡದಲ್ಲಿ ಕಟ್ಟಡದೊಳಗಿನ ಇಂತಹ ಬಾಗಿಲನ್ನು ತೆರೆಯಲು 5 ಪೌಂಡ್, ಅಂದರೆ ಸುಮಾರು 22 ನ್ಯೂಟನ್‌ಗಿಂತ ಹೆಚ್ಚು ಬಲ ಬೇಕಾಗಬಾರದು ಎಂದಿದೆ. ಇನ್ನು ದುಂಡು ಹಿಡಿಕೆ. ಬೆರಳುಗಳಲ್ಲಿ ಹಿಡಿತ ಇಲ್ಲದವರಿಗೆ ಅದನ್ನು ತಿರುಗಿಸಲು ಆಗುವುದಿಲ್ಲ. ಉದ್ದನೆಯ ಲಿವರ್ ಹಿಡಿಕೆಯಾದರೆ ಮೊಣಕೈಯಲ್ಲೇ ಒತ್ತಿ ತೆರೆಯಬಹುದು.

ಕಾನೂನು ಇಲ್ಲವೆಂದಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ–2016ರ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಸೀಟು, ಸರ್ಕಾರಿ ಉದ್ಯೋಗದಲ್ಲಿ ಕನಿಷ್ಠ ಶೇ 4ರಷ್ಟು ಹುದ್ದೆಗಳನ್ನು ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಮೀಸಲಿಡಬೇಕು. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಪ್ರಕಟವಾದ ಐದು ವರ್ಷಗಳೊಳಗೆ ಎಲ್ಲರೂ ಬಳಸುವಂತೆ ಮಾರ್ಪಡಿಸಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ. ನಿಯಮ ಪ್ರಕಟವಾಗಿದ್ದು 2017ರ ಜೂನ್‌ನಲ್ಲಿ. ಆ ಗಡುವು 2022ಕ್ಕೇ ಮುಗಿದಿದೆ.

ಹಾಗಾದರೆ ತೊಡಕು ಎಲ್ಲಿ? ಇದಕ್ಕೆ ಉತ್ತರ ಸುಪ್ರೀಂ ಕೋರ್ಟ್‌ನ ಒಂದು ತೀರ್ಪಿನಲ್ಲಿದೆ. ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ನ್ಯಾಯಾಲಯವು 2017ರ ನಿಯಮಗಳಲ್ಲಿನ 15ನೇ ನಿಯಮ ಮೂಲ ಕಾಯ್ದೆಗೇ ವಿರುದ್ಧವಾಗಿದೆ ಎಂದಿತು. ಕಾಯ್ದೆಯು ‘ಪಾಲಿಸಲೇಬೇಕು’ ಎನ್ನುತ್ತದೆ. ನಿಯಮ ಬೊಟ್ಟು ಮಾಡಿದ್ದು ಮಾತ್ರ ‘ಹೀಗಿದ್ದರೆ ಒಳ್ಳೆಯದು’ ಎನ್ನುವ ಮಾರ್ಗಸೂಚಿಗಳತ್ತ. ಕಡ್ಡಾಯವಾಗಿ ಪಾಲಿಸಬೇಕಾದ ಮಾನದಂಡಗಳನ್ನು ಮೂರು ತಿಂಗಳಲ್ಲಿ ರೂಪಿಸುವಂತೆ ಕೇಂದ್ರಕ್ಕೆ ಕೋರ್ಟ್ ಸೂಚಿಸಿತು. ಈ ಅರ್ಜಿ ಸಲ್ಲಿಕೆಯಾಗಿದ್ದು 2005ರಲ್ಲಿ. ಅಷ್ಟು ವರ್ಷಗಳಲ್ಲಿ ಎಷ್ಟು ಬ್ಯಾಚ್‌ಗಳು ಪದವಿ ಮುಗಿಸಿ ಹೋಗಿವೆ ಎಂದು ಲೆಕ್ಕ ಹಾಕಿ.

‘ನಮ್ಮ ಕಾಲೇಜಿನಲ್ಲಿ ಗಾಲಿಕುರ್ಚಿ ಬಳಸುವವರೇ ಇಲ್ಲವಲ್ಲ’ ಎನ್ನುವ ವಾದ ಆಗಾಗ ಕೇಳಿಬರುತ್ತದೆ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದಾರೆ. ಅವರಲ್ಲಿ ಗಾಲಿಕುರ್ಚಿ ಬಳಸುವ ಯಾರೂ ನಮ್ಮ ಕಾಲೇಜಿಗೆ ಬಂದಿಲ್ಲ ಎಂದರೆ, ಇಲ್ಲಿಗೆ ಬರಲು ಆಗುತ್ತದೆಯೇ ಎಂದು ಮೊದಲು ಯೋಚಿಸಬೇಕು. ಅಡ್ಮಿಷನ್ ದಿನ ಬಾಗಿಲು ನೋಡಿಯೇ ವಾಪಸಾದವರ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ.

‘ಫ್ರೆಂಡ್ಸ್ ಇದ್ದಾರೆ, ಬಾಗಿಲು ತೆಗೆದುಕೊಡುತ್ತಾರೆ’ ಎನ್ನುವವರೂ ಇದ್ದಾರೆ. ಗೆಳೆಯರು ಖಂಡಿತ ತೆಗೆದುಕೊಡುತ್ತಾರೆ. ಆದರೆ ಶೌಚಾಲಯಕ್ಕೆ ಹೋಗಬೇಕಾದಾಗಲೆಲ್ಲ ಯಾರನ್ನೋ ಕರೆಯಬೇಕು, ಬೀಗ ಹಾಕಿದ್ದರೆ ಅಟೆಂಡರ್ ಬಂದು ಬೀಗದ ಕೈ ಕೊಡುವವರೆಗೆ ಕಾಯಬೇಕು ಎಂದಾದರೆ, ಬೆಳಗಿನಿಂದ ಸಂಜೆವರೆಗೆ ನೀರು ಕುಡಿಯದೆ ಇರುವುದೇ ಸುಲಭ ಅನ್ನಿಸಿಬಿಡುತ್ತದೆ. ಸೀಟು ಕೊಟ್ಟ ಮೇಲೆ ಇಂತಹ ದಿನಚರಿಯನ್ನೂ ಕೊಡುವುದು ಯಾವ ನ್ಯಾಯ?

ಇದಕ್ಕೆ ಕೋಟಿಗಳ ಯೋಜನೆ ಬೇಕಿಲ್ಲ. ತರಗತಿ ನಡೆಯುವಾಗ ಎರಡೂ ಕದ ತೆರೆದಿಡಬಹುದು. ಬೆಂಕಿ ಅನಾಹುತವಾದರೆ ಅದರಿಂದ ಎಲ್ಲರಿಗೂ ಅನುಕೂಲ. ಡೋರ್ ಕ್ಲೋಸರ್‌ನ ವೇಗವನ್ನು ಸಾಮಾನ್ಯವಾಗಿ ಒಂದು ಸ್ಕ್ರೂಡ್ರೈವರ್‌ನಿಂದ ಕಡಿಮೆ ಮಾಡಬಹುದು. ಹಿಡಿಕೆ ಬದಲಾಯಿಸುವುದು ಕಾರ್ಪೆಂಟರ್‌ಗೆ ಅರ್ಧ ಗಂಟೆಯ ಕೆಲಸ. ಹೊಸ್ತಿಲಿಗೆ ಎರಡೂ ಕಡೆ ಸಣ್ಣ ಇಳಿಜಾರು ಕೊಡಬಹುದು. ಶೌಚಾಲಯದ ಬಾಗಿಲು ಹೊರಕ್ಕೆ ತೆರೆಯುವಂತೆ ಮಾಡಬಹುದು.

ನಮ್ಮಂತಹ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸರ್ವೆ ಕ್ಯಾಂಪ್ ಎಂದು ಬೆಟ್ಟಗುಡ್ಡ ಅಳೆಯುತ್ತೇವೆ. ಒಂದು ಮಧ್ಯಾಹ್ನ ನಮ್ಮದೇ ಕ್ಯಾಂಪಸ್ಸಿನ ಬಾಗಿಲುಗಳನ್ನು ಅಳೆಯೋಣ. ಅಗಲ, ಹೊಸ್ತಿಲಿನ ಎತ್ತರ, ಹಿಡಿಕೆಯ ಬಗೆ ಇಷ್ಟನ್ನು ಪಟ್ಟಿ ಮಾಡಿ, ಫೋಟೊ ಸಹಿತ ಪ್ರಾಂಶುಪಾಲರಿಗೆ ಕೊಡೋಣ. ಅಂಗವಿಕಲ ಸಹಪಾಠಿಗಳಿದ್ದರೆ ಅವರನ್ನು ಕೇಳಿಯೇ ಪಟ್ಟಿ ಮಾಡೋಣ. ಕೆಲಸ ಆಗದಿದ್ದರೆ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಕೊಡಲು ಕಾಯ್ದೆಯಲ್ಲೇ ಅವಕಾಶವಿದೆ. ನಾಳೆ ನಾವೇ ಕಟ್ಟಡಗಳ ನಕ್ಷೆ ಹಾಕುವವರು. ಬಾಗಿಲು ಅಳೆಯುವುದನ್ನು ಈಗಲೇ ಕಲಿತರೆ, ಮುಂದೆ ಯಾರೋ ಅದನ್ನು ಒಡೆದು ಅಗಲ ಮಾಡುವ ಕೆಲಸ ತಪ್ಪುತ್ತದೆ.